ಮನೆಬಾಗಿಲು ಎಂಬ ಪದ

ಮೊದಲಿಗೆ ಒಂದು ಪದವನ್ನು ನಿಮ್ಮ ಮುಂದಿಡುತ್ತೇನೆ: ವಾಸಿಪುಂಗೊ. ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ಬೆಟ್ಟಸೀಮೆಯಲ್ಲಿ ಆಡುವ ಕಿಚ್ವಾ ಭಾಷೆಯಿಂದ ಬಂದದ್ದು. ‘ವಾಸಿ’ ಎಂದರೆ ಮನೆ, ‘ಪುಂಕು’ ಎಂದರೆ ಬಾಗಿಲು. ಎರಡೂ ಕೂಡಿದರೆ ಮನೆಬಾಗಿಲು. ನಾವು ಹೇಗೆ ಪದ ಜೋಡಿಸುತ್ತೇವೆಯೋ ಹಾಗೆಯೇ ಅವರೂ ಜೋಡಿಸುತ್ತಾರೆ. ಕೇಳಲು ಎಷ್ಟು ಆಪ್ತವಾದ ಮಾತು! ಆದರೆ ಆ ನಾಡಿನಲ್ಲಿ ಬಹುಕಾಲ ಅದು ಜೀತದ ಹೆಸರಾಗಿತ್ತು. ನಾನು ಇಂದು ಮಾತನಾಡಬೇಕಾದದ್ದು ಆಂಡೀಸ್ ಪರ್ವತದ ಒಂದು ಹಳೆಯ ಜಮೀನುಮನೆಯಲ್ಲಿ ತಂಗಿದ್ದರ ಬಗ್ಗೆ. ಅದರ ಬಾಗಿಲನ್ನು ದಾಟದೆ ಒಳಗಿನ ಮಾತು ಹೇಳಲಾರೆ, ಅದಕ್ಕೇ ಈ ಪದದಿಂದ ಶುರು ಮಾಡಿದೆ.

ನಾನು ಹಾಸನದ ಕಡೆಯ ಆಲೂಗಡ್ಡೆ ಬೆಳೆಯುವ ಮನೆಯಲ್ಲಿ ಹುಟ್ಟಿದವಳು. ಜಲಂಧರದಿಂದ ಬಿತ್ತನೆ ಗಡ್ಡೆಯ ಲಾರಿ ಬಂತೆಂದರೆ ನಮ್ಮ ಊರಿಗೆ ಮುಂಗಾರು ಬಂದಂತೆ. ಅಂಗಮಾರಿ ರೋಗ ಬಿದ್ದ ವರ್ಷ ಅಪ್ಪ ಹೊಲದ ಬದುವಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ ಚಿತ್ರ ಇನ್ನೂ ಕಣ್ಣಲ್ಲಿದೆ. ಮುಂದೆ ಓದಿ, ಅದೇ ಗಡ್ಡೆಯ ಬಗ್ಗೆ ರೈತರಿಗೆ ತಿಳಿಹೇಳುವ ಕೆಲಸಕ್ಕೆ ಸೇರಿದೆ. ಕ್ವಿಟೋ ನಗರದಲ್ಲಿ ಬಿತ್ತನೆ ಆಲೂಗಡ್ಡೆಯ ಕುರಿತು ನಡೆದ ಸಭೆಯೊಂದಕ್ಕೆ ಹೋದಾಗ, ಸಭೆ ಮುಗಿದ ಮೇಲೆ ಒಂದು ವಾರ ಉಳಿದುಕೊಂಡೆ. ಆಲೂಗಡ್ಡೆಯ ತವರುಮನೆಗೆ ಬಂದವಳು ತವರನ್ನು ನೋಡದೆ ಹೇಗೆ ಹೋಗಲಿ? ಅಲ್ಲಿಯ ಸಹೋದ್ಯೋಗಿಯೊಬ್ಬರು, ಆ ಬೆಟ್ಟದ ಕಡೆಯವರೇ, ನನ್ನನ್ನು ಸುಲೇಟಾಕ್ಕೆ ಕರೆದುಕೊಂಡು ಹೋದರು.

ಕ್ವಿಟೋದಿಂದ ಉತ್ತರಕ್ಕೆ ಸುಮಾರು ಎರಡು ಗಂಟೆಯ ದಾರಿ. ಭೂಮಧ್ಯರೇಖೆಯನ್ನು ದಾಟಿ ಕಯಾಂಬೆ ಎಂಬ ಊರಿಗೆ ಬರುತ್ತೀರಿ. ಅದರ ನೆತ್ತಿಯ ಮೇಲೆ ಅದೇ ಹೆಸರಿನ ಜ್ವಾಲಾಮುಖಿ, 5,790 ಮೀಟರ್ ಎತ್ತರ, ಭೂಮಧ್ಯರೇಖೆ ಹಾದುಹೋಗುವ ಮೈಮೇಲೆಯೇ ಹಿಮ ಹೊತ್ತುಕೊಂಡು ನಿಂತಿದೆ. ಕಣಿವೆಯಲ್ಲೆಲ್ಲ ಪ್ಲಾಸ್ಟಿಕ್ ಮನೆಗಳು, ಅವುಗಳೊಳಗೆ ಹೊರದೇಶಕ್ಕೆ ಹೋಗುವ ಗುಲಾಬಿ. ಅಲ್ಲಿಂದ ಮುಂದೆ ಒಲ್ಮೇದೊ ಎಂಬ ಹಳ್ಳಿಯ ಮೇಲೆ ಕಲ್ಲು ಹಾಸಿದ ರಸ್ತೆ. ದಾರಿಯ ಎರಡೂ ಬದಿಗೆ ನೀಲಗಿರಿ ಮರಗಳು. ಕಣ್ಣು ಮುಚ್ಚಿ ವಾಸನೆ ಹಿಡಿದರೆ ನಂದಿಬೆಟ್ಟದ ಬುಡದಲ್ಲಿದ್ದೇನೆ ಅನ್ನಿಸುತ್ತಿತ್ತು. ನಮ್ಮಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದಲ್ಲಿ ಈ ಮರ ನೆಟ್ಟರೆಂದು ಹೇಳುತ್ತಾರೆ. ಅಲ್ಲಿಗೆ ಅದು ಬಂದದ್ದು 1860ರ ದಶಕದಲ್ಲಿ, ಗಾರ್ಸಿಯಾ ಮೊರೆನೊ ಎಂಬ ಅಧ್ಯಕ್ಷನ ಆಳ್ವಿಕೆಯಲ್ಲಿ. ಇಬ್ಬರ ನೆಲಕ್ಕೂ ಆಸ್ಟ್ರೇಲಿಯಾದ ಅತಿಥಿ.

ಸುಲೇಟಾ ಒಂದು ‘ಅಸಿಯೆಂದಾ’. ಈ ಸ್ಪ್ಯಾನಿಷ್ ಪದಕ್ಕೆ ಎಸ್ಟೇಟು, ಜಮೀನುದಾರಿ ಎಂದೆಲ್ಲ ಅರ್ಥ ಹೇಳಬಹುದು. ಅದರ ಲ್ಯಾಟಿನ್ ಬೇರಿಗೆ ಹೋದರೆ ‘ಮಾಡಬೇಕಾದ ಕೆಲಸಗಳು’ ಎಂದಷ್ಟೇ ಅರ್ಥ. ನಮ್ಮ ಹಳ್ಳಿಗಳಲ್ಲಿ ‘ಬದುಕು’ ಎನ್ನುವುದಿಲ್ಲವೇ? ‘ಹೊಲದಲ್ಲಿ ಬದುಕು ಬಹಳ ಇದೆ’ ಎಂದರೆ ಕೆಲಸ ಬಹಳ ಇದೆ ಎಂದು. ‘ಬದುಕು ಕಟ್ಟಿಕೊಂಡ’ ಎಂದರೆ ಆಸ್ತಿ, ಸಂಸಾರ, ಎಲ್ಲ. ಅಸಿಯೆಂದಾ ಎಂಬುದಕ್ಕೆ ನನಗೆ ತೋಚಿದ ಅತ್ಯಂತ ಹತ್ತಿರದ ಕನ್ನಡ ಅದೇ. ಒಬ್ಬರ ಬದುಕು, ಇನ್ನೊಬ್ಬರ ಕೆಲಸದ ಮೇಲೆ ಕಟ್ಟಿದ್ದು.

ಮನೆ 1691ರದ್ದು ಎನ್ನುತ್ತಾರೆ. ಸಮುದ್ರಮಟ್ಟದಿಂದ ಸುಮಾರು 2,900 ಮೀಟರ್ ಎತ್ತರದಲ್ಲಿದೆ. ಮೊದಲ ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಏದುಸಿರು. ದಪ್ಪ ಮಣ್ಣಿನ ಗೋಡೆ, ಸುಣ್ಣದ ಬಿಳುಪು, ಹೆಂಚಿನ ಮಾಡು, ಕಲ್ಲು ಹಾಸಿದ ದೊಡ್ಡ ಅಂಗಳ, ಪಕ್ಕದಲ್ಲಿ ಪ್ರಾರ್ಥನಾಮಂದಿರ. ಕೋಣೆಯೊಳಗೆ ಬೆಂಕಿಗೂಡು. ಸಂಜೆ ಯಾರೋ ಬಂದು ಸದ್ದಿಲ್ಲದೆ ಬೆಂಕಿ ಹಾಕಿ ಹೋಗುತ್ತಾರೆ, ನೀವು ಊಟ ಮುಗಿಸಿ ಬರುವಷ್ಟರಲ್ಲಿ ಕೆಂಡ ಹಿತವಾಗಿ ಬೆಳಗುತ್ತಿರುತ್ತದೆ. ಊಟಕ್ಕೆ ಎಲ್ಲರೂ ಒಂದೇ ಉದ್ದನೆಯ ಮೇಜಿಗೆ ಕೂರಬೇಕು. ಮೊದಲ ದಿನ ಬಡಿಸಿದ್ದು ‘ಲೋಕ್ರೊ’: ಆಲೂಗಡ್ಡೆಯನ್ನು ಕರಗುವವರೆಗೆ ಬೇಯಿಸಿ, ಅಲ್ಲಲ್ಲಿ ತುಂಡು ಉಳಿಸಿ, ಅಲ್ಲೇ ಮಾಡಿದ ಗಿಣ್ಣು, ಎಂದರೆ ಚೀಸ್, ಹಾಕಿ, ಮೇಲೆ ಬೆಣ್ಣೆಹಣ್ಣಿನ ಹೋಳು ಇಟ್ಟ ಗಟ್ಟಿ ಸಾರು. ಆ ಗಡ್ಡೆಗೆ ಅವರು ‘ಪಾಪಾ’ ಎನ್ನುತ್ತಾರೆ, ಅದು ಅಲ್ಲಿಯ ಮೂಲ ಹೆಸರು. ನಮ್ಮ ಕರಾವಳಿಯವರ ‘ಬಟಾಟೆ’ ಪೋರ್ಚುಗೀಸರ ಹಡಗಿನಲ್ಲಿ ಬಂದ ಹೆಸರು. ಐವತ್ತು ವರ್ಷ ತಿಂದ ತರಕಾರಿಯನ್ನು ಅಂದು ಮೊದಲ ಸಲ ತಿಂದಂತಾಯಿತು.

ಈ ಮನೆ ಎಕ್ವಡಾರಿನ ಇಬ್ಬರು ಅಧ್ಯಕ್ಷರ ಮನೆತನಕ್ಕೆ ಸೇರಿದ್ದು. ತಂದೆ ಲಿಯೊನಿದಾಸ್ ಪ್ಲಾಸಾ ಎರಡು ಅವಧಿಗೆ ಅಧ್ಯಕ್ಷರಾಗಿದ್ದರು. ಮಗ ಗಾಲೊ ಪ್ಲಾಸಾ 1948ರಿಂದ 1952ರವರೆಗೆ ಆಳಿದರು. ಸರ್ಕಾರಗಳು ಮೇಲಿಂದ ಮೇಲೆ ಉರುಳುತ್ತಿದ್ದ ಆ ದೇಶದಲ್ಲಿ ಅವಧಿ ಪೂರೈಸಿದ್ದೇ ದೊಡ್ಡ ಮಾತಾಗಿತ್ತು. ದೇಶದ ಮೊದಲ ಜನಗಣತಿ ನಡೆದದ್ದು ಅವರ ಕಾಲದಲ್ಲಿ, 1950ರಲ್ಲಿ. ಆಮೇಲೆ ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಗೆ ಮಹಾಕಾರ್ಯದರ್ಶಿಯಾದರು. ಅವರ ಪುಸ್ತಕದ ಕೋಣೆಯಲ್ಲಿ ದೇಶವಿದೇಶದ ನಾಯಕರೊಡನೆ ತೆಗೆಸಿಕೊಂಡ ಫೋಟೋಗಳಿವೆ. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನನ್ನ ಕುತೂಹಲವೆಲ್ಲ ಕೊಟ್ಟಿಗೆಯ ಕಡೆ.

ಬೆಳಗಿನ ಜಾವ ಹಾಲು ಕರೆಯುವಲ್ಲಿಗೆ ಹೋದೆ. ಕಪ್ಪು ಬಿಳುಪಿನ ಹಸುಗಳು, ನಮ್ಮಲ್ಲಿ ಎಚ್‌ಎಫ್ ಎನ್ನುತ್ತೇವಲ್ಲ, ಅವೇ. ಸಾಲಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತವೆ. ಉಸಿರು ಹಬೆಯಾಗಿ ಮೂಗಿನ ಮುಂದೆ ತೂಗುತ್ತದೆ. ಕರೆಯುವುದು ಯಂತ್ರವಾದರೂ, ಕೆಚ್ಚಲು ತೊಳೆದು ಮೊದಲ ನಾಲ್ಕು ಸೆಳೆತ ಹಾಲನ್ನು ಕೈಯಿಂದಲೇ ಹಿಂಡಿ ನೋಡುವ ಹೆಂಗಸನ್ನು ಕಂಡೆ. ನಮ್ಮ ಅವ್ವ ಕೂಡ ಮೊದಲ ಹಾಲನ್ನು ಹೀಗೆಯೇ ನೆಲಕ್ಕೆ ಬಿಡುತ್ತಿದ್ದಳು. ಆಕೆಯ ಬೆರಳುಗಳು ಚಳಿಗೆ ಕೆಂಪಾಗಿ ಊದಿಕೊಂಡಿದ್ದವು. ಒಂದೊಂದು ಹಸುವಿನ ಬಳಿ ಬಂದಾಗಲೂ ಕೈಯನ್ನು ಮೊದಲು ಅದರ ಹೊಟ್ಟೆಗೆ ಒತ್ತಿ ಬಿಸಿ ಮಾಡಿಕೊಂಡು, ಆಮೇಲೆ ಕೆಚ್ಚಲಿಗೆ ಹಾಕುತ್ತಿದ್ದಳು. ಹಸುವಿಗೆ ತಣ್ಣಗಾಗಬಾರದು ಎಂದು.

ಇಲ್ಲೊಂದು ವಿಷಯ ನೆನಪಿಡಬೇಕು. ಆಂಡೀಸಿನಲ್ಲಿ ಹಸುವಾಗಲಿ, ಕುದುರೆಯಾಗಲಿ, ಕುರಿಯಾಗಲಿ ಮೊದಲು ಇರಲಿಲ್ಲ. ಅವರಿಗಿದ್ದದ್ದು ಲಾಮಾ, ಅಲ್ಪಾಕಾ, ಮನೆಯೊಳಗೆ ಸಾಕುವ ಗಿನಿಯಿಲಿ. ಉಳಿದೆಲ್ಲ 1530ರ ದಶಕದಲ್ಲಿ ಸ್ಪೇನಿನ ದಂಡಿನೊಡನೆ ಬಂದವು. ಹಸು ಬಂದರೆ ಅದಕ್ಕೆ ಹುಲ್ಲುಗಾವಲು ಬೇಕು, ಹುಲ್ಲುಗಾವಲಿಗೆ ಸಮತಟ್ಟಾದ ಕಣಿವೆ ಬೇಕು. ಆ ಕಣಿವೆಯಲ್ಲಿ ಅಷ್ಟರಲ್ಲಾಗಲೇ ಜನರಿದ್ದರು. ಸುಲೇಟಾದ ಹುಲ್ಲುಗಾವಲಿನ ನಡುವೆಯೇ ನೂರಕ್ಕೂ ಹೆಚ್ಚು ಮಣ್ಣಿನ ದಿಬ್ಬಗಳಿವೆ. ಕೆಲವಕ್ಕೆ ಹತ್ತಿ ಹೋಗಲು ಉದ್ದನೆಯ ಇಳಿಜಾರು ಕಟ್ಟಿದ್ದಾರೆ. ಇಂಕಾ ಅರಸರೂ ಬರುವುದಕ್ಕೆ ಮುಂಚೆ ಕರಂಕಿ ಜನ ಕಟ್ಟಿದವು ಅವು. ಈಗ ಅವುಗಳ ಮೇಲೆ ಹಸು ಮೇಯುತ್ತವೆ. ಸೂರ್ಯ ಓರೆಯಾದಾಗ ಮಾತ್ರ ಆ ದಿಬ್ಬಗಳ ಆಕಾರ ನೆರಳಿನಲ್ಲಿ ಎದ್ದು ಕಾಣುತ್ತದೆ. ಸಂಜೆ ಕುದುರೆಯ ಮೇಲೆ ಹೋಗುವವರು ಒಂದರ್ಧ ಗಂಟೆ ಅಲ್ಲಿ ಇಳಿದು ನಿಲ್ಲಲೇಬೇಕು ಎಂದು ನನ್ನ ಒತ್ತಾಯ.

ಈಗ ಬಾಗಿಲಿನ ಮಾತಿಗೆ ಬರುತ್ತೇನೆ. ಜಮೀನೆಲ್ಲ ಅಸಿಯೆಂದಾದ ಪಾಲಾದ ಮೇಲೆ ಅಲ್ಲಿಯ ಕುಟುಂಬಕ್ಕೆ ಗುಡಿಸಲು ಹಾಕಿಕೊಳ್ಳಲು, ಸುತ್ತ ಒಂದಿಷ್ಟು ಮುಸುಕಿನ ಜೋಳ, ಗಡ್ಡೆ ಬೆಳೆದುಕೊಳ್ಳಲು ತುಂಡು ನೆಲ ಕೊಡುತ್ತಿದ್ದರು. ಆ ತುಂಡೇ ವಾಸಿಪುಂಗೊ. ಅದಕ್ಕೆ ಪ್ರತಿಯಾಗಿ ಗಂಡಸು ವಾರದಲ್ಲಿ ನಾಲ್ಕೈದು ದಿನ, ಕೆಲವೆಡೆ ಅದಕ್ಕೂ ಹೆಚ್ಚು, ದಣಿಯ ಹೊಲದಲ್ಲಿ ದುಡಿಯಬೇಕು. ಕೂಲಿ ಹೆಸರಿಗಷ್ಟೇ. ಹೆಂಡತಿ ಹಾಲು ಕರೆಯಬೇಕು, ಮಕ್ಕಳು ಕುರಿ ಕಾಯಬೇಕು. ಸರದಿಯ ಮೇಲೆ ಇಡೀ ಸಂಸಾರ ಬಂದು ದೊಡ್ಡಮನೆಯ ಚಾಕರಿ ಮಾಡಬೇಕು: ಸೌದೆ, ನೀರು, ಕಸ, ರಾತ್ರಿ ಕಾವಲು. ಈ ಸರದಿಯಲ್ಲಿ ದುಡಿಯುವವನಿಗೆ ‘ವಾಸಿಕಾಮಾ’ ಎಂದು ಹೆಸರು, ಮನೆ ಕಾಯುವವ ಎಂದು ಅರ್ಥ. ಸಾಲ ತೀರದಿದ್ದರೆ ಜೈಲಿಗೆ ಹಾಕುವ ಕಾನೂನು 1918ರವರೆಗೂ ಇತ್ತು. ವಾಸಿಪುಂಗೊ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1964ರ ಭೂಸುಧಾರಣೆಯಲ್ಲಿ. ನಾನು ಹುಟ್ಟುವುದಕ್ಕೆ ಕೆಲವೇ ವರ್ಷ ಮುಂಚೆ! ನೂರಾರು ವರ್ಷದ ಹಿಂದಿನ ಕಥೆ ಎಂದುಕೊಂಡವಳಿಗೆ ಆ ಇಸವಿ ಕೇಳಿ ಎದೆ ಧಸಕ್ಕೆಂದಿತು. ನನ್ನ ಕೋಣೆಗೆ ಸಂಜೆ ಬೆಂಕಿ ಹಾಕುತ್ತಿದ್ದವರು ಸಂಬಳ ಪಡೆಯುವ ನೌಕರರು, ಸಂಜೆ ತಮ್ಮ ಮನೆಗೆ ಹೋಗುವವರು. ಅವರ ಅಜ್ಜಂದಿರು ಅದೇ ಬೆಂಕಿಗೂಡಿಗೆ ಸೌದೆ ತಂದದ್ದು ಸರದಿಯ ಮೇಲೆ.

ಗಾಲೊ ಪ್ಲಾಸಾ ಆ ಕಾನೂನಿಗೂ ಮೊದಲೇ ತಮ್ಮ ಜಮೀನಿನ ಒಂದು ಭಾಗವನ್ನು ದುಡಿಯುವವರಿಗೆ ಬಿಟ್ಟುಕೊಟ್ಟ ಜಮೀನುದಾರರಲ್ಲಿ ಒಬ್ಬರು. ಅದನ್ನು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಒಟ್ಟು ಬೆಟ್ಟಸೀಮೆಯಲ್ಲಿ ಆದದ್ದು ಏನು ಎಂಬುದು ಕಣ್ಣಿಗೇ ಕಾಣುತ್ತದೆ. ಕಣಿವೆಯ ತಳದಲ್ಲಿ ಹಸಿರು ಹುಲ್ಲು, ಎಚ್‌ಎಫ್ ಹಸು. ಎರಡೂ ಪಕ್ಕದ ಕಡಿದಾದ ಇಳಿಜಾರಿನಲ್ಲಿ ಚೂರು ಚೂರು ಜೋಳದ ಹೊಲ. ಬಹಳ ಕಡೆ ಹಂಚಿಕೆಯಾದಾಗ ಸಮತಟ್ಟು ದಣಿಗಳಿಗೆ ಉಳಿಯಿತು, ಇಳಿಜಾರು ದುಡಿದವರಿಗೆ ಹೋಯಿತು. ಜೀತದ ಆಳುಗಳಿಲ್ಲದ ಮೇಲೆ ಕಡಿಮೆ ಜನರಿಂದ ನಡೆಯುವ ಬದುಕು ಬೇಕಾಯಿತಲ್ಲ, ಅದಕ್ಕೆ ಹೈನುಗಾರಿಕೆ ಒದಗಿತು. ಅಸಿಯೆಂದಾಗಳು ಹಾಲಿನ ಮನೆಗಳಾದ ಕಾರಣಗಳಲ್ಲಿ ಇದೊಂದು. ಅಂಗಳದಲ್ಲಿ ಕುಳಿತು ಕಾಫಿಗೆ ಹಾಲು ಹಾಕಿಕೊಳ್ಳುವಾಗ ಎದುರಿನ ಬೆಟ್ಟದ ಹೊಲಗಳನ್ನು ನೋಡಿ. ಇಡೀ ಚರಿತ್ರೆ ಆ ಎರಡು ಹಸಿರಿನ ನಡುವಿನ ಗೆರೆಯಲ್ಲಿದೆ.

ಅಡುಗೆಮನೆಯಲ್ಲಿ ನನಗೆ ಇನ್ನೊಂದು ಬಾಗಿಲು ತೆರೆಯಿತು. ನನ್ನ ಸಹೋದ್ಯೋಗಿ ಅಡುಗೆಯಾಕೆಯೊಡನೆ ಸ್ಪ್ಯಾನಿಷ್ ಆಡುತ್ತಿದ್ದರು. ‘ದಾಮೆ ತ್ರಾಯೆಂದೊ’ ಎಂದರು. ನಾನು ಅಷ್ಟಿಷ್ಟು ಸ್ಪ್ಯಾನಿಷ್ ಕಲಿತಿದ್ದೆ, ಆದರೆ ಪಾಠದ ಪುಸ್ತಕದಲ್ಲಿ ಇಂಥ ಮಾತಿರಲಿಲ್ಲ. ಬಿಡಿಸಿ ಹೇಳಿದರೆ ‘ತರುತ್ತಾ ಕೊಡು’ ಎಂದಾಗುತ್ತದೆ. ಬೇರೆ ದೇಶದ ಸ್ಪ್ಯಾನಿಷ್ ಜನಕ್ಕೆ ವಿಚಿತ್ರವಾಗಿ ಕೇಳುವ ಮಾತು ಇದು. ಕಿಚ್ವಾ ಮಾತಿನ ಜಾಡು ಸ್ಪ್ಯಾನಿಷಿನೊಳಗೆ ಇಳಿದು ಆದದ್ದು ಎನ್ನುತ್ತಾರೆ ವಿದ್ವಾಂಸರು. ನನಗೆ ಮಾತ್ರ ಒಂದು ಕ್ಷಣವೂ ವಿಚಿತ್ರ ಅನ್ನಿಸಲಿಲ್ಲ. ಅದು ನಮ್ಮ ‘ತಂದುಕೊಡು’. ‘ಮಾಡು’ ಎಂದರೆ ಅಪ್ಪಣೆ, ‘ಮಾಡಿಕೊಡು’ ಎಂದರೆ ಕೋರಿಕೆ. ನಾವು ಹೇಗೆ ‘ಕೊಡು’ ಸೇರಿಸಿ ಅಪ್ಪಣೆಯ ಮೊನೆ ಮುರಿಯುತ್ತೇವೆಯೋ, ಅವರೂ ಹಾಗೆಯೇ. ಆ ಸಂಜೆ ಪೂರ್ತಿ ನಾವು ಇದೇ ಆಟ ಆಡಿದೆವು. ‘ವಾಸಿಕುನಾಮಂತಾ’ ಎಂದರು. ವಾಸಿ ಮನೆ, ಕುನಾ ಗಳು, ಮಂತಾ ಇಂದ: ‘ಮನೆಗಳಿಂದ’. ಪ್ರತ್ಯಯಗಳನ್ನು ಮಣಿಯಂತೆ ಒಂದರ ಹಿಂದೆ ಒಂದು ಪೋಣಿಸುವ ಭಾಷೆ. ಎರಡು ಭಾಷೆಗೂ ರಕ್ತಸಂಬಂಧವಿಲ್ಲ, ಗೊತ್ತು. ಆದರೂ ಅಷ್ಟು ದೂರದ ಬೆಟ್ಟದ ಮೇಲೆ ನಮ್ಮ ಮನೆಯ ಅಡುಗೆಯ ಕ್ರಮವನ್ನೇ ಕಂಡಷ್ಟು ಸಂತೋಷವಾಯಿತು.

ಅಲ್ಲಿಯ ಹಿರಿಯರು ಕೃತಜ್ಞತೆ ಹೇಳುವಾಗ ‘ದಿಯೊಸೊಲೊಪಾಯ್’ ಎನ್ನುತ್ತಾರೆ. ಸ್ಪ್ಯಾನಿಷ್ ಮಾತೊಂದು ಕಿಚ್ವಾ ನಾಲಿಗೆಯಲ್ಲಿ ಹೊರಳಿ ಆದದ್ದು: ‘ಇದರ ಬೆಲೆಯನ್ನು ದೇವರು ನಿಮಗೆ ಕೊಡಲಿ’. ಒಳ್ಳೆಯ ಹರಕೆ. ಕೂಲಿ ಕೈಗೆ ಬಾರದ ಕಾಲವನ್ನು ನೆನೆದು ಕೇಳಿದಾಗ ಆ ಹರಕೆ ನನ್ನೊಳಗೆ ಭಾರವಾಗಿ ಕೂತಿತು.

ಮೂರನೆಯ ದಿನ ಮೇಲಿನ ಪಾರಮೋಗೆ ಹೋದೆವು. ಸುಮಾರು 3,500 ಮೀಟರಿನಿಂದ ಮೇಲೆ ಮರಗಳು ಮುಗಿದು ಹುಲ್ಲಿನ ರಾಜ್ಯ ಶುರುವಾಗುತ್ತದೆ. ಮೊಣಕಾಲೆತ್ತರದ ಗಡಸು ಹುಲ್ಲು, ಬಣ್ಣ ಒಣಗಿದ ರಾಗಿ ಹುಲ್ಲಿನದು. ಕೈ ಹಾಕಿ ಬುಡ ಸರಿಸಿದೆ. ಕೆಳಗೆ ಕಪ್ಪು ಮಣ್ಣು, ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಇಳಿಯಿತು. ಜ್ವಾಲಾಮುಖಿಯ ಬೂದಿಯಿಂದಾದ ಆ ಮಣ್ಣು ಮಂಜನ್ನೂ ಮಳೆಯನ್ನೂ ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಕ್ವಿಟೋ ನಗರದ ನಲ್ಲಿಯ ನೀರು ಇಂಥ ಹುಲ್ಲುಗುಡ್ಡಗಳಿಂದಲೇ ಬರುತ್ತದೆ. ಕಾಂಡೋರ್ ಹದ್ದುಗಳನ್ನು ಸಾಕಿ ಉಳಿಸುವ ಕೇಂದ್ರವೊಂದು 1995ರಿಂದ ಈ ಜಮೀನಿನಲ್ಲಿದೆ. ಇಡೀ ಎಕ್ವಡಾರಿನಲ್ಲಿ ಕಾಡಿನಲ್ಲಿರುವ ಕಾಂಡೋರ್‌ಗಳು ನೂರೈವತ್ತರಷ್ಟು ಎಂದು 2018ರ ಎಣಿಕೆ ಅಂದಾಜಿಸಿತ್ತು. ಗಾಳಿಯಲ್ಲಿ ರೆಕ್ಕೆ ಬಡಿಯದೆ ತೇಲುವ ಒಂದನ್ನು ದೂರದಿಂದ ಕಂಡೆ.

ನನ್ನ ಮನಸ್ಸು ಹುಲ್ಲಿನಲ್ಲೇ ಇತ್ತು. ಆ ಗುಡ್ಡದ ಆಚೆ ಬದಿಗೆ ಕಯಾಂಬೆ ಸೀಮೆ. ಅಲ್ಲಿಯ ಅಸಿಯೆಂದಾವೊಂದರ ಜೀತದ ಕುಟುಂಬದಲ್ಲಿ 1881ರಲ್ಲಿ ದೊಲೊರೆಸ್ ಕಾಕುವಾಂಗೊ ಹುಟ್ಟಿದಳು. ಹುಡುಗಿಯಾಗಿದ್ದಾಗ ಕ್ವಿಟೋದ ದಣಿಯ ಮನೆಗೆ ಚಾಕರಿಗೆ ಹೋಗಿ ಸ್ಪ್ಯಾನಿಷ್ ಕಲಿತಳು. ಅಕ್ಷರ ಬಾರದು. ಆದರೆ 1944ರಲ್ಲಿ ಎಕ್ವಡಾರಿನ ಮೂಲನಿವಾಸಿಗಳ ಒಕ್ಕೂಟ ಕಟ್ಟಿದವರಲ್ಲಿ ಆಕೆ ಮುಂಚೂಣಿಯವಳು. ತನ್ನ ಜನದ ಮಕ್ಕಳಿಗೆ ಕಿಚ್ವಾ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಕಲಿಸುವ ಶಾಲೆಗಳನ್ನು ತೆರೆದಳು. 1963ರಲ್ಲಿ ಅಧಿಕಾರ ಹಿಡಿದ ಸೇನಾಡಳಿತ ಅವನ್ನು ಮುಚ್ಚಿಸಿತು. ಕಿತ್ತಷ್ಟೂ ಮತ್ತೆ ಚಿಗುರುವ ಪಾರಮೋ ಹುಲ್ಲು ನಾವು, ಆ ಹುಲ್ಲಿನಿಂದಲೇ ಲೋಕವನ್ನು ಬಿತ್ತುತ್ತೇವೆ ಎಂಬ ಅರ್ಥದ ಆಕೆಯ ಮಾತು ಅಲ್ಲಿ ಎಲ್ಲರ ಬಾಯಲ್ಲಿದೆ. ನಾನೂ ಒಂದು ಹಿಡಿ ಹುಲ್ಲು ಕೀಳಲು ನೋಡಿದೆ. ಅಂಗೈ ಕೆಂಪಾಯಿತು, ಹುಲ್ಲು ಬರಲಿಲ್ಲ.

ಬರುವಾಗ ನಾನು ಸುಮ್ಮನೆ ದಾಟಿಬಂದ ಒಲ್ಮೇದೊ, ಅದರ ಪಕ್ಕದ ಪೆಸಿಯೊ, ಇವೇ 1930ರ ಕೊನೆಯಲ್ಲಿ ಕೂಲಿಗಳು ದೊಡ್ಡ ಮುಷ್ಕರ ಹೂಡಿದ ಜಾಗಗಳು. ಹೆಂಗಸರ ದುಡಿಮೆಗೂ ಕೂಲಿ ಕೊಡಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಅದು ತಿಳಿದ ಮೇಲೆ ಬೆಳಗಿನ ಜಾವ ಕಂಡ ಆ ಕೆಂಪು ಬೆರಳುಗಳು ಮತ್ತೆ ಮತ್ತೆ ಕಣ್ಣಿಗೆ ಬಂದವು.

ನಾಲ್ಕು ರಾತ್ರಿ ದೊಡ್ಡಮನೆಯಲ್ಲಿ ಕಳೆದ ಮೇಲೆ ಎರಡು ರಾತ್ರಿ ಬೆಟ್ಟದ ಸಮುದಾಯದ ಮನೆಯೊಂದರಲ್ಲಿ ಉಳಿದೆ. ಆ ಸೀಮೆಯ ಹಳ್ಳಿಗಳಲ್ಲಿ ಅತಿಥಿಗಳಿಗೆ ಕೋಣೆ ಕೊಡುವವರಿದ್ದಾರೆ. ಹೋಗುವವರಿಗೆ ನನ್ನ ಮಾತು ಇಷ್ಟೇ: ಎರಡೂ ಕಡೆ ಇರಿ. ದೊಡ್ಡಮನೆಯನ್ನು ಬಿಡಬೇಡಿ, ಅದರ ಚೆಲುವು ಸುಳ್ಳಲ್ಲ, ಅಲ್ಲಿಯ ಗಿಣ್ಣಿನ ಮನೆ, ಕುದುರೆ ಲಾಯ, ತರಕಾರಿ ತೋಟ ಎಲ್ಲ ಇಂದಿಗೂ ಅನ್ನ ಕೊಡುವ ಬದುಕುಗಳು. ಆದರೆ ಇಳಿಜಾರಿನ ಮನೆಯಿಂದ ಒಮ್ಮೆ ಕಣಿವೆಯ ಕಡೆ ನೋಡಿ. ಅಲ್ಲಿಂದ ಕಂಡ ದೊಡ್ಡಮನೆಯೇ ಬೇರೆ. ನನಗೆ ಮನೆ ಕೊಟ್ಟ ಹಿರಿಯರು ಎದುರಿನ ಇಂಬಾಬುರಾ ಬೆಟ್ಟವನ್ನು ‘ತೈತಾ’ ಎನ್ನುತ್ತಿದ್ದರು, ಎಂದರೆ ಅಪ್ಪ. ಮೋಡ ಅದರ ತಲೆ ಮುಚ್ಚಿದರೆ ‘ತೈತಾ ಟೋಪಿ ಹಾಕಿಕೊಂಡ, ಮಳೆ ಬರುತ್ತದೆ’ ಎಂದರು. ಅವರ ಹೊಲದಲ್ಲಿ ಒಂದೇ ಏರಿಯಲ್ಲಿ ನಾಲ್ಕು ಬಗೆಯ ಗಡ್ಡೆ. ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೆ ಬರುವುದಿಲ್ಲ ಎಂದು ವಿವರಿಸಿದರು. ಒಂದೇ ತಳಿಯ ಲಾರಿಗೆ ಕಾದು ಕೂರುವ ನಮ್ಮ ಊರು ನೆನಪಾಗಿ ನಾನು ಪುಸ್ತಕ ತೆಗೆದು ಎಲ್ಲವನ್ನೂ ಬರೆದುಕೊಂಡೆ.

ಆ ಮನೆಯ ಒಡತಿ ಕಸೂತಿ ಹಾಕುವವರು. ಸುಲೇಟಾದ ಕಸೂತಿ ದೇಶಕ್ಕೇ ಹೆಸರಾದದ್ದು. 1940ರ ದಶಕದಲ್ಲಿ ಗಾಲೊ ಪ್ಲಾಸಾ ಅವರ ಪತ್ನಿ ರೊಸಾರಿಯೊ ಪಾಯಾರೆಸ್ ಅದಕ್ಕೆ ಮಾರುಕಟ್ಟೆಯ ದಾರಿ ಮಾಡಿಕೊಟ್ಟರು. ಹೆಂಗಸರ ಬಿಳಿ ರವಿಕೆಯ ಎದೆ, ತೋಳಿನ ತುಂಬ ಹೂವು. ನಾನು ಮೊದಲು ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿದೆ. ನನ್ನ ಅತ್ತೆ ಧಾರವಾಡದವರು. ಕಸೂತಿಯ ಸಾಚಾತನ ಹಿಂಬದಿಯಲ್ಲಿದೆ, ಎರಡೂ ಕಡೆ ಒಂದೇ ತೆರನಾಗಿರಬೇಕು, ಗಂಟು ಕಾಣಬಾರದು ಎಂದು ಕಲಿಸಿದವರು. ಇಲ್ಲಿಯದು ಬೇರೆ ಬಗೆಯ ಹೊಲಿಗೆ, ಹಿಂಬದಿ ಮುಂಬದಿಯಂತಿಲ್ಲ. ಆದರೆ ನಾನು ತಿರುಗಿಸಿದ್ದನ್ನು ಕಂಡು ಆಕೆ ನಕ್ಕು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕೆಲಸ ಬಲ್ಲವರು ಕೆಲಸ ಬಲ್ಲವರನ್ನು ಗುರುತಿಸುವ ನಗೆ ಅದು. ಎಲ್ಲಿ ದಾರ ಮುಗಿಸಿದರು, ಎಲ್ಲಿ ಹೊಸ ದಾರ ಸಿಕ್ಕಿಸಿದರು ಎಂದು ಬೆರಳಿಟ್ಟು ತೋರಿಸಿದರು.

ಹೊರಡುವ ಹಿಂದಿನ ಸಂಜೆ ನಿಮ್ಮ ಭಾಷೆಯಲ್ಲಿ ವಾಸಿಗೆ ಏನೆನ್ನುತ್ತೀರಿ ಎಂದು ಕೇಳಿದರು. ಹೇಳಿದೆ. ಎರಡು ಸಲ ಅಂದುಕೊಂಡು, ಚೌಕದ ಬಿಳಿ ಬಟ್ಟೆಯನ್ನೂ ಪೆನ್ಸಿಲನ್ನೂ ನನ್ನ ಮುಂದೆ ತಳ್ಳಿ ‘ದಾಮೆ ಎಸ್ಕ್ರಿಬಿಯೆಂದೊ’ ಎಂದರು. ಬರೆದುಕೊಡಿ. ನಾನು ‘ಮನೆ’ ಎಂದು ದೊಡ್ಡದಾಗಿ ಬರೆದುಕೊಟ್ಟೆ. ಬೆಳಿಗ್ಗೆ ನಾನು ಚೀಲ ಕಟ್ಟುವ ಹೊತ್ತಿಗೆ ಆ ಎರಡು ಅಕ್ಷರ ನೀಲಿ ದಾರದಲ್ಲಿ ಎದ್ದಿದ್ದವು, ಸುತ್ತ ಜೋಳದ ತೆನೆಯ ಅಂಚು. ನಾನು ಬೆಲೆ ಕೇಳಿದೆ, ಹೇಳಿದರು, ಕೊಟ್ಟೆ. ಆ ಬಟ್ಟೆ ಇಲ್ಲಿದೆ. ಮುಂದಿನ ಸಾಲಿನಿಂದ ಹಿಂದಕ್ಕೆ ಕಳುಹಿಸುತ್ತೇನೆ, ದಯವಿಟ್ಟು ತಿರುಗಿಸಿ ಹಿಂಬದಿಯನ್ನೂ ನೋಡಿ. ‘ನೆ’ ಅಕ್ಷರದ ಎತ್ವ ತಿರುಗುವಲ್ಲಿ ಆಕೆ ದಾರ ಬದಲಿಸಿದ್ದಾರೆ, ಗಂಟು ಬೆರಳಿಗೆ ತಾಗುತ್ತದೆ.